ರೈಟರ್ ಉತ್ತರ: ತೋಟಕ್ಕೆ ಇಳಿದವರು, ಅಂಗಡಿಗೆ ಇಳಿದವರು

ಕಳೆದ ಸಂಚಿಕೆಯಲ್ಲಿ ಬ್ರೆಜಿಲ್ ಕಾಫಿ ತೋಟದ ಆಳುಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಲ್ಲಿಗೆ ಪೋರ್ಚುಗಲ್‌ನಿಂದ ಬಂದವರು ಪೇಟೆಯಲ್ಲಿ ಅಂಗಡಿ ಹಾಕಿದರು, ಸ್ಪೇನ್‌ನಿಂದ ಬಂದವರು ತೋಟದಲ್ಲಿ ಕಳೆ ತೆಗೆದರು ಅಂತ. ಅಷ್ಟಕ್ಕೇ ಹನ್ನೊಂದು ಪತ್ರ ಬಂದಿವೆ. ಕಾಫಿ ರೇಟಿನ ಬಗ್ಗೆ ಬರೆದಾಗಲೂ ಇಷ್ಟು ಬಂದಿರಲಿಲ್ಲ. ಕಾಫಿ ಗಿಡ ತಿನ್ನುವ ಕಾಂಡಕೊರಕ ಹುಳುವಿನ ಪ್ರಶ್ನೆ ಕಳಿಸಿದವರು ಒಂದು ತಿಂಗಳು ತಡೆದುಕೊಳ್ಳಿ.

ಪ್ರಶ್ನೆ: ಸ್ಪೇನ್, ಪೋರ್ಚುಗಲ್ ಅಕ್ಕಪಕ್ಕದ ದೇಶ. ಒಂದೇ ಧರ್ಮ, ಭಾಷೆಯೂ ಹತ್ತಿರ. ಹಾಗಿದ್ದೂ ಬ್ರೆಜಿಲ್‌ನಲ್ಲಿ ಒಬ್ಬರು ಸಾಹುಕಾರರಾದರು, ಇನ್ನೊಬ್ಬರು ಕೂಲಿಗಳಾದರು ಅಂದರೆ ಪೋರ್ಚುಗೀಸರಿಗೆ ಬುದ್ಧಿ ಜಾಸ್ತಿ ಅಂತಲೇ? ಸೆಮಿನಾರಿಗೆ ಬೇಕು, ಬೇಗ ಉತ್ತರಿಸಿ. (ಬಿ.ಎ. ವಿದ್ಯಾರ್ಥಿನಿ, ಚಿಕ್ಕಮಗಳೂರು)

ಬೇಗ ಅಂದರೆ ಆಗಲ್ಲಮ್ಮ. ಮೊದಲು ನಮ್ಮೂರಿನ ಮಾತು ಕೇಳು.

ನಾನು 1974ರಲ್ಲಿ ಮೂಡಿಗೆರೆ ಕಡೆಯ ಒಂದು ತೋಟದಲ್ಲಿ ರೈಟರ್ ಆಗಿ ಸೇರಿದೆ. ಚೆಕ್ ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ ಬರೆಯುವುದು, ಶನಿವಾರ ಬಟವಾಡೆ ಮಾಡುವುದು ನನ್ನ ಕೆಲಸ. ಆಗ ನಮ್ಮ ಕಡೆಗೆ ಹೊರಗಿನಿಂದ ಬರುವವರಲ್ಲಿ ಎರಡು ಥರ ಇದ್ದರು. ಘಟ್ಟದ ಕೆಳಗಿನ ಹುಡುಗ ಹನ್ನೆರಡು ಹದಿಮೂರು ವರ್ಷಕ್ಕೆ ಬಸ್ ಹತ್ತಿ ಪೇಟೆಗೆ ಬರುತ್ತಿದ್ದ. ಸೋದರಮಾವನ ಹೋಟೆಲಿನಲ್ಲಿ ಲೋಟ ತೊಳೆದು, ಮೈದಾ ಚೀಲದ ಮೇಲೆ ಮಲಗುತ್ತಿದ್ದ. ಆಮೇಲೆ ಸಪ್ಲೈಯರ್, ಆಮೇಲೆ ಗಲ್ಲಾ, ನಲವತ್ತಕ್ಕೆ ಸ್ವಂತ ಬೋರ್ಡು. ಇನ್ನೊಂದು ಥರ, ತಮಿಳು ಸೀಮೆಯಿಂದ ಮೇಸ್ತ್ರಿ ಅಡ್ವಾನ್ಸ್ ಕೊಟ್ಟು ಕರೆತಂದ ಸಂಸಾರ. ಗಂಡ, ಹೆಂಡತಿ, ಅತ್ತೆ, ಮಕ್ಕಳು ಎಲ್ಲರೂ ತೋಟದವರು ಆಳುಗಳಿಗೆ ಸಾಲಾಗಿ ಕಟ್ಟಿದ ಒಂದೇ ಲೈನ್ ಮನೆಯಲ್ಲಿ. ಮೂವತ್ತು ವರ್ಷ ಕಳೆದರೂ ಅದೇ ಲೈನ್, ಅದೇ ಅಡ್ವಾನ್ಸ್. ಇವರಿಬ್ಬರಲ್ಲಿ ಯಾರಿಗೆ ಬುದ್ಧಿ ಜಾಸ್ತಿ ಅಂತ ನನ್ನನ್ನು ಕೇಳಿದರೆ ನಗು ಬರುತ್ತದೆ. ಲೈನಿನ ಹೆಂಗಸರು ಬಟವಾಡೆಯಲ್ಲಿ ನಾಲ್ಕಾಣೆ ತಪ್ಪಿದರೂ ಬಾಯಿಲೆಕ್ಕದಲ್ಲೇ ನನ್ನನ್ನು ಹಿಡಿಯುತ್ತಿದ್ದರು.

ಈಗ ಬ್ರೆಜಿಲ್‌ಗೆ ಬಾ. 1884ರಿಂದ 1959ರವರೆಗೆ ಅಲ್ಲಿಗೆ ಬಂದ ಪೋರ್ಚುಗೀಸರು ಸುಮಾರು 14 ಲಕ್ಷ, ಸ್ಪೇನಿನವರು ಸುಮಾರು 7 ಲಕ್ಷ. 1888ರ ಮೇ 13ರಂದು ಅಲ್ಲಿ ಗುಲಾಮಗಿರಿ ಕಾನೂನುಬದ್ಧವಾಗಿ ನಿಂತಿತು. ತೋಟಕ್ಕೆ ಆಳು ಬೇಕಲ್ಲ? ಕಾಫಿ ಸೀಮೆಯಾದ ಸಾವೊ ಪಾಲೊ ರಾಜ್ಯದ ಸರ್ಕಾರವೇ ಹಡಗಿನ ಟಿಕೆಟ್ ಕೊಟ್ಟು ಯುರೋಪಿನಿಂದ ಜನ ತರಿಸಿತು. ಮೊದಲು ಜಾಸ್ತಿ ಬಂದವರು ಇಟಲಿಯವರು. ತೋಟಗಳಲ್ಲಿ ತಮ್ಮ ಜನರನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಅಂತ ಇಟಲಿ 1902ರಲ್ಲಿ ಈ ಪುಕ್ಕಟೆ ಟಿಕೆಟ್ಟನ್ನು ನಿಲ್ಲಿಸಿತು. ಆ ಜಾಗ ತುಂಬಿದವರಲ್ಲಿ ಸ್ಪೇನಿನವರು ಮುಖ್ಯ, ಅದರಲ್ಲೂ ದಕ್ಷಿಣದ ಆಂಡಲೂಸಿಯಾದವರು. ಭೂಮಿ ಇಲ್ಲದ ಬಡವರು. ಪುಕ್ಕಟೆ ಟಿಕೆಟ್ಟಿಗೆ ಷರತ್ತು ಏನಪ್ಪಾ ಅಂದರೆ ಸಂಸಾರ ಸಮೇತ ಬರಬೇಕು. ಸಾಂಟೋಸ್ ಬಂದರಿನಲ್ಲಿ ಇಳಿದು, ರೈಲು ಹತ್ತಿ, ಸಾವೊ ಪಾಲೊದ ವಲಸೆಗಾರರ ಛತ್ರದಲ್ಲಿ ಕೆಲವು ದಿನ ತಂಗಿ, ಅಲ್ಲಿಂದ ನೆಟ್ಟಗೆ ತೋಟಕ್ಕೆ. ಪೇಟೆ ಹೇಗಿದೆ ಅಂತ ನೋಡಲಿಕ್ಕೂ ಪುರಸೊತ್ತಿಲ್ಲ. 1910ರಲ್ಲಿ ಸ್ಪೇನ್ ಸರ್ಕಾರವೂ ಈ ಥರದ ಟಿಕೆಟ್ಟಿಗೆ ತಡೆ ಹಾಕಿತು. ಆದರೂ ಜನ ಬರುವುದು ನಿಲ್ಲಲಿಲ್ಲ.

ಪೋರ್ಚುಗೀಸರ ಕಥೆ ಬೇರೆ. ಅವರು 1822ರವರೆಗೆ ಆ ದೇಶವನ್ನು ಆಳಿದವರು. ಆಗಿನ ರಾಜಧಾನಿ ರಿಯೋದ ಚಿಲ್ಲರೆ ವ್ಯಾಪಾರದಲ್ಲಿ ಮೊದಲಿಂದಲೂ ಅವರದೇ ಕೈ. ಊರಲ್ಲಿ ಹುಡುಗನಿಗೆ ಹದಿಮೂರಾದರೆ ರಿಯೋದಲ್ಲಿರುವ ಚಿಕ್ಕಪ್ಪನಿಗೆ ಕಾಗದ ಹೋಗುತ್ತಿತ್ತು. ಹುಡುಗ ಒಬ್ಬನೇ ಬರುತ್ತಿದ್ದ. ಅಂಗಡಿಯಲ್ಲೇ ಕೆಲಸ, ಅಲ್ಲೇ ಊಟ, ಗಲ್ಲಾದ ಹಿಂದೆ ನಿದ್ದೆ. ಭಾಷೆ ಕಲಿಯುವ ಕಷ್ಟವೂ ಇಲ್ಲ. ನಮ್ಮ ಹೋಟೆಲ್ ಹುಡುಗನೇ, ಅಲ್ವಾ? ಹೀಗೆ ಬಂದವರಲ್ಲಿ ಕೆಲವರು ಬಹಳ ಮೇಲೆ ಹೋದರು. ವ್ಯಾಲೆಂಟಿಂ ಡಿನಿಜ್ 1929ರಲ್ಲಿ ಬಂದರು. 1948ರಲ್ಲಿ ಸಾವೊ ಪಾಲೊದಲ್ಲಿ ಒಂದು ಸಿಹಿ ತಿಂಡಿ ಅಂಗಡಿ ತೆರೆದರು, ಹೆಸರು ಪಾವೊ ದಿ ಅಸುಕಾರ್. 1959ರಲ್ಲಿ ಅದೇ ಹೆಸರಿನಲ್ಲಿ ಸೂಪರ್ ಮಾರ್ಕೆಟ್. ಅದು ಆಮೇಲೆ ದೇಶದ ದೊಡ್ಡ ಅಂಗಡಿ ಸಾಲುಗಳಲ್ಲಿ ಒಂದಾಯಿತು.

ಇಷ್ಟಕ್ಕೇ ನಿಲ್ಲಿಸಿದರೆ ನಿನ್ನ ಲೆಕ್ಚರರ್ ಒಪ್ಪಿಯಾರು, ನಾನು ಒಪ್ಪುವುದಿಲ್ಲ. ಬ್ರೆಜಿಲ್‌ನ ಈಶಾನ್ಯಕ್ಕೆ ಸಾಲ್ವಡೋರ್ ಅಂತ ಒಂದು ಊರಿದೆ. ಅಲ್ಲಿಗೂ ಸ್ಪೇನಿನವರು ಬಂದರು. ಆದರೆ ಅವರು ಆಂಡಲೂಸಿಯಾದವರಲ್ಲ, ವಾಯವ್ಯದ ಗಲೀಸಿಯಾದವರು. ಪೋರ್ಚುಗಲ್ ಗಡಿಗೆ ಅಂಟಿಕೊಂಡ ಸೀಮೆ, ಮಾತೂ ಪೋರ್ಚುಗೀಸಿಗೆ ತೀರ ಹತ್ತಿರ. ಅವರೂ ಒಂಟಿ ಹುಡುಗರಾಗಿ, ನೆಂಟರ ಕಾಗದ ಹಿಡಿದೇ ಬಂದರು. ಏನಾದರು ಗೊತ್ತಾ? ಬೇಕರಿ ಹಾಕಿದರು, ದಿನಸಿ ಅಂಗಡಿ ಹಾಕಿದರು. 1933ರಲ್ಲಿ ಗಲೀಸಿಯಾ ಅನ್ನುವ ಫುಟ್‌ಬಾಲ್ ಕ್ಲಬ್ಬನ್ನೇ ಕಟ್ಟಿದರು. ಪಾಸ್‌ಪೋರ್ಟು ಸ್ಪೇನಿನದು, ಬದುಕು ಪೋರ್ಚುಗೀಸರ ಥರದ್ದು. ಹಾಗಾದರೆ ದೇಶದ ಮೇಲೆ ಬುದ್ಧಿ ಅಳೆಯುವುದು ಎಲ್ಲಿ ಉಳಿಯಿತು? ಇಳಿದ ದಿನ ಯಾರು ಕರೆದುಕೊಂಡು ಹೋಗಲು ಬಂದಿದ್ದರು, ಮಾವನೋ ಮೇಸ್ತ್ರಿಯೋ, ಅದನ್ನು ಕೇಳು. ಸೆಮಿನಾರಿನಲ್ಲಿ ಇದೇ ಉದಾಹರಣೆ ಇಡು.

ಇನ್ನೊಂದು ಎಚ್ಚರ. ಕಥೆಯಾಗುವುದು ಅಂಗಡಿ ಇಟ್ಟವನದು, ಬಂದರಿನಲ್ಲಿ ಮೂಟೆ ಹೊತ್ತವನದಲ್ಲ. ರಿಯೋದ ಕಿಷ್ಕಿಂಧೆಯಂಥ ವಠಾರಗಳಲ್ಲಿ ಕೈಗಾಡಿ ತಳ್ಳುವ ಪೋರ್ಚುಗೀಸರು ತುಂಬಿದ್ದರು. ಅಂಗಡಿಯವನಿಗೂ ದುಡ್ಡು ಬಂತು, ಮರ್ಯಾದೆ ಬರಲಿಲ್ಲ. ಬೆಲೆ ಏರಿದಾಗೆಲ್ಲ ಬೈಗುಳ ಅವನಿಗೇ. ಬೇಕರಿಯ ಪೋರ್ಚುಗೀಸ್ ಮ್ಯಾನುಯೆಲ್ ದಡ್ಡ ಅನ್ನುವ ಜೋಕುಗಳನ್ನು ಬ್ರೆಜಿಲ್‌ನವರು ಇವತ್ತಿಗೂ ಹೇಳಿ ನಗುತ್ತಾರೆ. ನೀನು ಬುದ್ಧಿ ಜಾಸ್ತಿಯೇ ಅಂತ ಕೇಳುತ್ತೀಯ, ಅವರು ಬುದ್ಧಿಯೇ ಇಲ್ಲ ಅನ್ನುತ್ತಾರೆ!

ಪ್ರಶ್ನೆ: ತೋಟದಲ್ಲಿ ಉಳಿದ ಸ್ಪೇನಿನವರ ಮಕ್ಕಳು ಮೊಮ್ಮಕ್ಕಳು ಕೂಲಿಗಳಾಗಿಯೇ ಉಳಿದರೇ? ನಮ್ಮ ಲೈನಿನವರಂತೆ? (ಬೆಳೆಗಾರ, ಸಕಲೇಶಪುರ)

ಇಲ್ಲ ಸ್ವಾಮಿ. ಇಲ್ಲೇ ನಮ್ಮ ಲೆಕ್ಕ ಬೇರೆ, ಅವರ ಲೆಕ್ಕ ಬೇರೆ. ಕಾರಣ ನೀವು ಊಹಿಸದ ಕಡೆ ಇದೆ. ಅದು ನೆರಳಿನಲ್ಲಿ.

ನಮ್ಮದು ನೆರಳಿನ ಕಾಫಿ. ಮೇಲೆ ಹಾಲುವಾಣ, ಸಿಲ್ವರ್ ಓಕ್, ಕಾಡುಮರ. ಕೆಳಗೆ ಗಿಡದ ಸಾಲಿನ ನಡುವೆ ಜೋಳ ಹಾಕಿದರೆ ಬರುತ್ತದೆಯೇ? ಬ್ರೆಜಿಲ್ ಕಾಫಿ ಬಯಲು ಬಿಸಿಲಿನಲ್ಲಿ. ಗಿಡ ಎಳೆಯದಿದ್ದಾಗ ಸಾಲಿನ ನಡುವೆ ಮುಸುಕಿನ ಜೋಳ, ಹುರುಳಿಕಾಯಿ ಚೆನ್ನಾಗಿ ಬರುತ್ತದೆ. ಅಲ್ಲಿನ ಕರಾರಿನಲ್ಲಿ ಅದಕ್ಕೆ ಅವಕಾಶ ಇತ್ತು. ಸಾವಿರ ಗಿಡಕ್ಕೆ ವರ್ಷಕ್ಕೆ ಇಷ್ಟು ಅಂತ ಸಂಸಾರಕ್ಕೆ ಹಣ, ಕೊಯ್ಲಿಗೆ ಅಳತೆಯ ಮೇಲೆ ಬೇರೆ, ಇರಲಿಕ್ಕೆ ಮನೆ. ಮೇಲೆ ಈ ಜೋಳ, ಕಾಳು, ನಾಲ್ಕು ಹಂದಿ. ಊಟ ತೋಟದಲ್ಲೇ ಹುಟ್ಟಿದರೆ ಕೈಗೆ ಬಂದ ದುಡ್ಡಿನಲ್ಲಿ ಸ್ವಲ್ಪವಾದರೂ ಉಳಿಯುತ್ತದೆ. ಅದಕ್ಕೇ ಹೊಸ ಗಿಡ ಇರುವ ತೋಟ ಹುಡುಕಿ ಸಂಸಾರಗಳು ಊರಿಂದೂರಿಗೆ ಹೋಗುತ್ತಿದ್ದವು. ಮಾಲೀಕರ ದಂಡ, ತೋಟದಂಗಡಿಯ ಸಾಲ ಇವೆಲ್ಲ ಅಲ್ಲೂ ಇದ್ದವು. ಸುಮ್ನೆ ಸ್ವರ್ಗ ಅಂದುಕೊಳ್ಳಬೇಡಿ.

ಆಮೇಲೆ 1929ರಲ್ಲಿ ಜಗತ್ತಿನ ಮಾರುಕಟ್ಟೆಯೇ ಕುಸಿಯಿತು. 1931ರಿಂದ 1944ರವರೆಗೆ ಬ್ರೆಜಿಲ್ ಸರ್ಕಾರ ರೇಟು ಹಿಡಿದು ನಿಲ್ಲಿಸಲು ಸುಮಾರು 7.8 ಕೋಟಿ ಚೀಲ ಕಾಫಿ ಸುಟ್ಟು ಹಾಕಿತು. ಚೀಲ ಅಂದರೆ 60 ಕಿಲೋ. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ಸಾಲದಲ್ಲಿ ಮುಳುಗಿದ ದೊಡ್ಡ ತೋಟಗಳು ತುಂಡು ತುಂಡಾಗಿ ಮಾರಾಟವಾದವು. ಕೊಂಡವರಲ್ಲಿ ಹಳೆಯ ಆಳುಗಳ ಸಂಸಾರಗಳೂ ಇದ್ದವು. ಮೊದಲು ಇಟಲಿಯವರು, ಅವರ ಹಿಂದೆ ಸ್ಪೇನಿನವರು. ಕೆಲವರು ತೋಟ ಬಿಟ್ಟು ಸಾವೊ ಪಾಲೊ ಪೇಟೆ ಸೇರಿ ಗುಜರಿ ವ್ಯಾಪಾರ ಹಿಡಿದರು. ಹಳೆ ಕಬ್ಬಿಣ ಅಂದರೆ ಅಲ್ಲಿ ಸ್ಪೇನಿನವರೇ ಅನ್ನುವಂತಾಯಿತು. ಕಾರ್ಖಾನೆಗೆ ಹೋದವರು ಸಂಘ ಕಟ್ಟಿದರು. ಈ ಕುಸಿತಕ್ಕೂ ಮೊದಲೇ, 1917ರ ಜುಲೈನಲ್ಲಿ ಸಾವೊ ಪಾಲೊ ಪೂರ್ತಿ ಬಂದ್ ಆದ ಮುಷ್ಕರ ಹೊತ್ತಿಕೊಂಡಿದ್ದು ಪೊಲೀಸರ ಗುಂಡಿಗೆ ಸತ್ತ ಹೋಸೆ ಮಾರ್ಟಿನೆಸ್ ಅನ್ನುವ ಸ್ಪೇನಿನ ಹುಡುಗನ ಸಾವಿನಿಂದ. ಚಪ್ಪಲಿ ಹೊಲಿಯುತ್ತಿದ್ದವನು.

ಮೊಮ್ಮಕ್ಕಳ ಕಾಲಕ್ಕೆ ಯಾರು ಮುಂದೆ, ಯಾರು ಹಿಂದೆ ಅಂತ ಬೇರ್ಪಡಿಸುವುದೇ ಕಷ್ಟ. ಜನಗಣತಿಯವರು ಮೈಬಣ್ಣ ಕೇಳುತ್ತಾರೆ, ಅಜ್ಜನ ದೇಶ ಕೇಳುವುದಿಲ್ಲ. ಮದುವೆಗಳು ಕಲೆತುಹೋಗಿವೆ. ಹೆಸರು ನೋಡಿ ಹೇಳೋಣ ಅಂದರೆ ಫರ್ನಾಂಡೆಸ್, ರೊಡ್ರಿಗೆಸ್ ಅಂತ ಬಂದವರನ್ನೆಲ್ಲ ಗುಮಾಸ್ತರು ಪೋರ್ಚುಗೀಸ್ ಕಾಗುಣಿತಕ್ಕೆ ತಿದ್ದಿ ಬರೆದುಬಿಟ್ಟರು. ಅವರನ್ನು ಬೈಯಲು ನನಗೆ ಬಾಯಿಲ್ಲ. ನಾನೇ ಷಣ್ಮುಗಂ ಅನ್ನುವವನನ್ನು ಚೆಕ್ ರೋಲಿನಲ್ಲಿ ಷಣ್ಮುಖ ಅಂತ ಬರೆದು, ಅದೇ ಅವನ ಪಿ.ಎಫ್. ಕಾಗದಕ್ಕೂ ಹೋಗಿ, ಕೊನೆಗೆ ದುಡ್ಡು ಬಿಡಿಸಲು ಅವನು ಎರಡು ವರ್ಷ ಅಲೆದ. ನನ್ನ ಪೆನ್ನಿನ ತಪ್ಪು ಅದು.

ಪ್ರಶ್ನೆ: ನಮ್ಮ ಪಕ್ಕದ ತೋಟದವರು ಪಿಂಟೊ. ಅವರೂ ಪೋರ್ಚುಗೀಸ್ ಮೂಲದವರೇ? ಕೇಳಲು ಸಂಕೋಚ. (ಗೃಹಿಣಿ, ಮೂಡಿಗೆರೆ)

ಅಲ್ಲ. ಕೇಳಿ ಪೇಚಿಗೆ ಸಿಕ್ಕಿಕೊಳ್ಳಬೇಡಿ. ಗೋವೆಯಲ್ಲಿ ಕ್ರೈಸ್ತರಾದಾಗ ದೀಕ್ಷೆ ಕೊಟ್ಟ ಪಾದ್ರಿಯ ಅಥವಾ ಪೋರ್ಚುಗೀಸ್ ಯಜಮಾನನ ಮನೆತನದ ಹೆಸರು ಇಟ್ಟುಕೊಳ್ಳುವುದು ರೂಢಿಯಾಗಿತ್ತು. ಡಿಸೋಜ, ಪಿಂಟೊ, ಲೋಬೊ ಎಲ್ಲ ಹಾಗೆ ಬಂದವು. ಜನ ಕೊಂಕಣಿಯವರೇ. ಪೋರ್ಚುಗೀಸರು ನಿಜವಾಗಿ ನಮ್ಮ ತೋಟಕ್ಕೆ ಬಿಟ್ಟುಹೋದದ್ದು ಒಂದು ಪದ: ಮೇಸ್ತ್ರಿ. ಅವರ ಮೆಸ್ತ್ರೆ ಅದು. ಮೇಜೂ ಅವರದೇ ಅನ್ನುವವರಿದ್ದಾರೆ.

ಪ್ರಶ್ನೆ: ಮಗ ಪ್ಯಾರಿಸ್‌ನಲ್ಲಿದ್ದಾನೆ. ಅವನ ಕಟ್ಟಡ ನೋಡಿಕೊಳ್ಳುವ ಹೆಂಗಸು ಪೋರ್ಚುಗಲ್‌ನವರು. ಅದೇ ಊರಿಗೆ ಮೇಯರ್ ಆಗಿದ್ದವರು ಸ್ಪೇನಿನಲ್ಲಿ ಹುಟ್ಟಿದವರಂತೆ. ನಿಮ್ಮ ಬ್ರೆಜಿಲ್ ಲೆಕ್ಕ ಇಲ್ಲಿ ತಲೆಕೆಳಗಾಯಿತಲ್ಲ? (ನಿವೃತ್ತ ಮೇಷ್ಟ್ರು, ಹಾಸನ)

ಮೇಷ್ಟ್ರೇ, ಚೆನ್ನಾಗಿ ಹಿಡಿದಿರಿ. ಆನ್ ಇಡಾಲ್ಗೊ 2014ರಲ್ಲಿ ಮೇಯರ್ ಆದವರು, ಹುಟ್ಟಿದ್ದು ಸ್ಪೇನಿನ ಕಾಡಿಸ್ ಸೀಮೆಯಲ್ಲಿ. ಅದೇ ವರ್ಷ ಫ್ರಾನ್ಸಿಗೆ ಪ್ರಧಾನಿಯಾದ ಮ್ಯಾನುಯೆಲ್ ವಾಲ್ಸ್ ಹುಟ್ಟಿದ್ದು ಬಾರ್ಸಿಲೋನಾದಲ್ಲಿ.

ಆದರೆ ಇಬ್ಬರು ದೊಡ್ಡವರನ್ನು ಹಿಡಿದು ಇಡೀ ಸಮುದಾಯ ತೂಗಬಾರದು. ಬಂದ ಕಾಲ ನೋಡಿ. ಸ್ಪೇನಿನ ಅಂತರ್ಯುದ್ಧ ಮುಗಿಯುತ್ತಿದ್ದ 1939ರಲ್ಲೇ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿ ಫ್ರಾನ್ಸಿಗೆ ಓಡಿದ್ದರು. ಅವರಲ್ಲಿ ಮೇಷ್ಟ್ರುಗಳು, ಸಂಘದವರು, ಓದಿದವರೂ ಇದ್ದರು. ಪೋರ್ಚುಗೀಸರು ದಂಡಿಯಾಗಿ ಬಂದಿದ್ದು 1960ರ ದಶಕದಲ್ಲಿ. ಪೋರ್ಚುಗಲ್‌ನ ಸರ್ವಾಧಿಕಾರಿ ಸಲಾಜಾರ್ ಆಡಳಿತ ಮಕ್ಕಳಿಗೆ ಕಡ್ಡಾಯ ಓದು ಅಂತ ಬಹುಕಾಲ ಮೂರು ನಾಲ್ಕು ವರ್ಷ ಮಾತ್ರ ಇಟ್ಟಿತ್ತು. 1970ರಲ್ಲೂ ಅಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಅಕ್ಷರ ಬರುತ್ತಿರಲಿಲ್ಲ. 1961ರಿಂದ ಆಫ್ರಿಕಾದ ಅವರ ವಸಾಹತುಗಳಲ್ಲಿ ಯುದ್ಧ ಬೇರೆ. ಸೈನ್ಯಕ್ಕೆ ಹೆದರಿದ ಹುಡುಗರು ರಾತ್ರೋರಾತ್ರಿ ಬೆಟ್ಟ ಹತ್ತಿ ಫ್ರಾನ್ಸಿಗೆ ಬಂದರು. ಪ್ಯಾರಿಸ್ ಪಕ್ಕದ ಶಾಂಪಿನ್ಯಿಯಲ್ಲಿ ಕೆಸರಿನ ನಡುವೆ ಹಲಗೆ, ತಗಡು ಹೊಡೆದು ಸಾವಿರಾರು ಜನ ಇದ್ದರು. ಗಂಡಸರು ಗಾರೆ ಕೆಲಸಕ್ಕೆ, ಹೆಂಗಸರು ಕಟ್ಟಡ ಕಾಯಲಿಕ್ಕೆ. ಆ ಕಾವಲಿನ ಕೆಲಸವನ್ನು ಅವರಿಗಿಂತ ಮುಂಚೆ ಪ್ಯಾರಿಸ್‌ನಲ್ಲಿ ಸ್ಪೇನಿನ ಹೆಂಗಸರೂ ಮಾಡುತ್ತಿದ್ದರು ಅನ್ನುವುದನ್ನು ಮರೆಯಬೇಡಿ. ಅವರಲ್ಲಿ ಬಹಳ ಜನ ಆಮೇಲೆ ಊರಿಗೆ ವಾಪಸ್ ಹೋದರು.

ಪೋರ್ಚುಗೀಸ್ ಗಾರೆಯವರ ಮಕ್ಕಳು ಕಾಲೇಜಿಗಿಂತ ಐಟಿಐ ಥರದ ಓದಿಗೆ ಜಾಸ್ತಿ ಹೋದರು, ಬೇಗ ಕೆಲಸ ಹಿಡಿದರು. ಡಿಗ್ರಿ ಎಣಿಸಿದರೆ ಹಿಂದೆ, ನಿರುದ್ಯೋಗ ಎಣಿಸಿದರೆ ಮುಂದೆ. ಯಾವ ತಕ್ಕಡಿ ಹಿಡಿಯುತ್ತೀರೋ ನಿಮಗೆ ಬಿಟ್ಟಿದ್ದು. ಆಗಸ್ಟ್‌ನಲ್ಲಿ ಆ ಹೆಂಗಸು ಊರಿಗೆ ಹೋದಾಗ ಮಗನಿಗೆ ಫೋಟೋ ಕಳಿಸಲು ಹೇಳಿ. ಊರಲ್ಲಿ ಒಂದು ದೊಡ್ಡ ಮನೆ ಕಟ್ಟಿರುತ್ತಾರೆ, ಹನ್ನೊಂದು ತಿಂಗಳು ಬೀಗ ಹಾಕಿರುತ್ತದೆ.

ಪ್ರಶ್ನೆ: ಇಬ್ಬರೂ ಒಂದೇ ತೋಟಕ್ಕೆ, ಒಂದೇ ಕೆಲಸಕ್ಕೆ ಬಂದ ಜಾಗ ಇಲ್ಲವೇ? ಆಗ ಹೋಲಿಕೆ ಸರಿಯಾಗುತ್ತಿತ್ತು. (ಕೊಪ್ಪದಿಂದ, ಹೆಸರು ಬರೆದಿಲ್ಲ)

ಇದೆ, ಹವಾಯಿ. ಕಬ್ಬಿನ ತೋಟಗಳು. ಪೋರ್ಚುಗಲ್‌ನ ಮಡೈರಾ, ಅಜೋರ್ಸ್ ದ್ವೀಪದವರು 1878ರಿಂದಲೇ ಬಂದರು. ಸ್ಪೇನಿನವರು 1907ರಿಂದ 1913ರೊಳಗೆ ಸುಮಾರು ಎಂಟು ಸಾವಿರ ಜನ. ಮೊದಲು ಬಂದ ಪೋರ್ಚುಗೀಸರಲ್ಲಿ ಅನೇಕರು ಅಷ್ಟರಲ್ಲಿ ಲೂನಾ ಆಗಿದ್ದರು, ಅಂದರೆ ಕುದುರೆ ಮೇಲೆ ಕೂತು ಆಳುಗಳಿಂದ ಕೆಲಸ ಮಾಡಿಸುವ ಮೇಸ್ತ್ರಿ. ಹಿಂದೆ ಬಂದ ಸ್ಪೇನಿನವರಿಗೆ ಅಲ್ಲಿ ಮೇಲೇರಲು ಮೆಟ್ಟಿಲೇ ಇರಲಿಲ್ಲ. ಕೂಲಿ ಕಡಿಮೆ. ಸ್ವಲ್ಪ ಸ್ವಲ್ಪ ಕೂಡಿಟ್ಟು ಹಡಗು ಹತ್ತಿ ಕ್ಯಾಲಿಫೋರ್ನಿಯಾದ ಹಣ್ಣಿನ ತೋಟಗಳಿಗೆ ಹೊರಟೇಹೋದರು. 1930ರ ಹೊತ್ತಿಗೆ ಹವಾಯಿಯಲ್ಲಿ ಉಳಿದವರು ಸಾವಿರದ ಚಿಲ್ಲರೆ.

ಅಲ್ಲಿ ಉಳಿದವರನ್ನಷ್ಟೇ ಎಣಿಸಿ ಸ್ಪೇನಿನವರು ಸೋತರು ಅನ್ನಬಹುದು. ಹೊರಟವನ ಹೆಸರಿನ ಮುಂದೆ ಚೆಕ್ ರೋಲಿನಲ್ಲಿ ನಾನೂ ಗೀಟು ಎಳೆಯುತ್ತಿದ್ದೆ. ಎಲ್ಲಿಗೆ ಹೋದ, ಏನಾದ ಅಂತ ಬರೆಯಲು ಅಲ್ಲಿ ಕಾಲಂ ಇರಲಿಲ್ಲ. ನಮ್ಮ ಲೈನಿನಿಂದ 1986ರಲ್ಲಿ ಗೀಟು ಹಾಕಿಸಿಕೊಂಡು ಹೋದ ಒಬ್ಬ ಹೋದ ವರ್ಷ ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. ತಿರುಪ್ಪೂರಿನಲ್ಲಿ ಬನಿಯನ್ ಹೊಲಿಸುವ ಹನ್ನೆರಡು ಮೆಷಿನ್ ಇಟ್ಟಿದ್ದಾನಂತೆ. ಕಾಫಿ ಅವನೇ ಕುಡಿಸಿದ.

(ಬಾಳೆಹೊನ್ನೂರಿನಿಂದ ಪೋಸ್ಟ್ ಕಾರ್ಡ್ ಹಾಕಿದವರು ದಯವಿಟ್ಟು ಇನ್ನೊಮ್ಮೆ ಬರೆಯಿರಿ. ಮಳೆಗೆ ಅಕ್ಷರ ಕಲಸಿದೆ. ಕಾಫಿ ಹಣ್ಣು ಸುಲಿಯುವ ಯಂತ್ರದ ಹೆಸರು, ಪಲ್ಪರ್ ಅನ್ನುವುದೊಂದೇ ಓದಲು ಸಿಕ್ಕಿತು.)