ಕರಗುವ ಹೊಲಿಗೆ ಎಲ್ಲಿಗೆ ಹೋಗುತ್ತದೆ?

ತಾಯಿಯವರ ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ಹಾಕಿದ ಒಳಹೊಲಿಗೆ ತಾನಾಗಿಯೇ ಕರಗುತ್ತದೆಂದು ವೈದ್ಯರು ಹೇಳಿದರೆಂದೂ, ಆ ದಾರವೂ ಒಂದು ಬಗೆಯ ಪ್ಲಾಸ್ಟಿಕ್ ಎಂದು ತಿಳಿದಾಗಿನಿಂದ ದಿಗಿಲಾಗಿದೆಯೆಂದೂ ಬರೆದಿದ್ದೀರಿ. ಮಣ್ಣಿನಲ್ಲೇ ಕರಗದ ಪ್ಲಾಸ್ಟಿಕ್ ದೇಹದಲ್ಲಿ ಹೇಗೆ ಕರಗೀತು ಎಂಬ ನಿಮ್ಮ ಪ್ರಶ್ನೆ ಸರಿಯಾದುದೇ.

ಮೊದಲಿಗೆ, 'ಕರಗುವುದು' ಎಂಬ ಮಾತೇ ದಾರಿ ತಪ್ಪಿಸುತ್ತದೆ. ಈ ದಾರವು ಸಕ್ಕರೆಯಂತೆ ಕರಗುವುದಿಲ್ಲ. ದೇಹದೊಳಗಿನ ನೀರು ಅದರ ಉದ್ದನೆಯ ಅಣುಸರಪಳಿಯನ್ನು ಎಸ್ಟರ್ ಕೊಂಡಿಗಳಿರುವಲ್ಲೆಲ್ಲ, ಅಂದರೆ ನೀರು ಬಿಡಿಸಬಲ್ಲ ರಾಸಾಯನಿಕ ಬೆಸುಗೆಗಳಿರುವಲ್ಲೆಲ್ಲ, ತುಂಡರಿಸುತ್ತದೆ. ಕ್ಯಾರಿಬ್ಯಾಗಿನ ಪಾಲಿಥೀನ್‌ನಲ್ಲಿ ಇಂಥ ಕೊಂಡಿಗಳೇ ಇಲ್ಲದಿರುವುದರಿಂದ ಅಲ್ಲಿ ನೀರಿನ ಆಟ ನಡೆಯದು. ತುಂಡಾಗಿ ಕೊನೆಗೆ ಉಳಿಯುವುದು ಗ್ಲೈಕಾಲಿಕ್ ಆಮ್ಲ ಮತ್ತು ಮೊಸರನ್ನು ಹುಳಿಯಾಗಿಸುವ ಅದೇ ಲ್ಯಾಕ್ಟಿಕ್ ಆಮ್ಲ. ಇವೆರಡನ್ನೂ ದೇಹವು ಅರಗಿಸಿ ಹೊರಹಾಕಬಲ್ಲದು.

ಎರಡು ಘಟಕಗಳನ್ನು ಒಂದೇ ಸರಪಳಿಯಲ್ಲಿ ಪೋಣಿಸಿದ ಇಂಥ ವಸ್ತುವನ್ನು ಕೋಪಾಲಿಮರ್ ಎನ್ನುತ್ತಾರೆ. ಅದರ ನಿಜವಾದ ಸೊಗಸಿರುವುದು ಬೆರಕೆಯ ಪ್ರಮಾಣದಲ್ಲಿ. 1970ರ ದಶಕದಿಂದ ಬಳಕೆಯಲ್ಲಿರುವ ಪಾಲಿಗ್ಲಾಕ್ಟಿನ್ 910 ದಾರದಲ್ಲಿ ಗ್ಲೈಕೊಲೈಡ್ (ಗ್ಲೈಕಾಲಿಕ್ ಆಮ್ಲದಿಂದಾದ ಘಟಕ) 90 ಪಾಲು, ಲ್ಯಾಕ್ಟೈಡ್ (ಲ್ಯಾಕ್ಟಿಕ್ ಆಮ್ಲದಿಂದಾದ ಘಟಕ) 10 ಪಾಲು. ಮೂರು ವಾರದ ಹೊತ್ತಿಗೆ ಅದರ ಬಲ ಸುಮಾರು ಅರ್ಧಕ್ಕಿಳಿಯುತ್ತದೆ, 56ರಿಂದ 70 ದಿನಗಳೊಳಗೆ ದಾರವೇ ಇಲ್ಲವಾಗುತ್ತದೆ. ಅಂದರೆ ಗಾಯ ಕೂಡಿಕೊಳ್ಳುತ್ತ ಬಂದಂತೆ ದಾರ ತನ್ನ ಹಿಡಿತ ಸಡಿಲಿಸುತ್ತದೆ. ಇವೇ ಎರಡು ಘಟಕಗಳನ್ನು ಬೇರೆ ಪ್ರಮಾಣದಲ್ಲಿ ಬೆರೆಸಿ, ಔಷಧವನ್ನು ಹುದುಗಿಸಿಟ್ಟ ಸೂಕ್ಷ್ಮ ಗುಳಿಗೆಗಳನ್ನು ಮಾಡುತ್ತಾರೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ಲ್ಯೂಪ್ರೊಲೈಡ್‌ನ ಒಂದೇ ಚುಚ್ಚುಮದ್ದು ತಿಂಗಳುಗಟ್ಟಲೆ ಕೆಲಸ ಮಾಡುವುದು ಹೀಗೆ.

ಇದರಲ್ಲಿ ದೋಷವೇ ಇಲ್ಲವೆಂದಲ್ಲ. ದಪ್ಪನೆಯ ತುಂಡಾದರೆ ಒಳಗೆ ಹುಟ್ಟಿದ ಆಮ್ಲ ಹೊರಬರಲಾರದೆ, ಅಂಚಿಗಿಂತ ನಡುಭಾಗವೇ ಬೇಗ ಸವೆಯುತ್ತದೆ. ಇಂಥ ಕರಗುವ ವಸ್ತುವಿನಿಂದ ಮಾಡಿ ಮೂಳೆಗೆ ಹಾಕುವ ಕೆಲವು ಸ್ಕ್ರೂಗಳ ಸುತ್ತ ಊತ ಬರುವುದಕ್ಕೆ ಇದೂ ಒಂದು ಕಾರಣ. ಗಾಳಿಯ ತೇವವೂ ಈ ವಸ್ತುವಿಗೆ ಆಗದು. ಆದ್ದರಿಂದಲೇ ದಾರವನ್ನು ಲೋಹದ ಹಾಳೆಯ ಪೊಟ್ಟಣದಲ್ಲಿ ಮುಚ್ಚಿಡುತ್ತಾರೆ, ಹಬೆಯಲ್ಲಿ ಬೇಯಿಸದೆ ಎಥಿಲೀನ್ ಆಕ್ಸೈಡ್ ಅನಿಲದಿಂದ ಕ್ರಿಮಿಶುದ್ಧಿ ಮಾಡುತ್ತಾರೆ.

ನಿಮ್ಮ ತಾಯಿಯವರಿಗೆ ಹೊಲಿಗೆಯ ಜಾಗದಲ್ಲಿ ದಾರದ ತುದಿ ಕಂಡರೆ ಎಳೆಯಬೇಡಿ. ಕೆಂಪೇರಿಕೆಯೋ ಕೀವೋ ಕಾಣಿಸಿಕೊಂಡರೆ ಅವರನ್ನು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಬಳಿಗೇ ಕರೆದೊಯ್ಯಿರಿ.

– ಸಂಪಾದಕ