ಡಿಕೋಡರ್ ಬದಲಿಸಿದರೂ ನನ್ನ ಡಿಸಿಸಿ ಲೋಕೊ ಒಂದೇ ವೇಗದಲ್ಲಿ ಓಡುತ್ತಿಲ್ಲ, ಏಕೆ?

ನೀವು ಬರೆದದ್ದನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ಎಚ್‌ಒ ಎಂಬ ಅಳತೆಯ ಮಾದರಿ ರೈಲಿನ ಡೀಸೆಲ್ ಲೋಕೊ, ಡಿಸಿಸಿಯಲ್ಲಿ (ಹಳಿಯ ಮೂಲಕವೇ ಡಿಜಿಟಲ್ ಆದೇಶ ಕಳಿಸುವ ಪದ್ಧತಿ) 128 ವೇಗದ ಹಂತಗಳ ನಿಯಂತ್ರಣ. 60ನೇ ಹಂತ ದಾಟಿದರೆ ಚೆನ್ನಾಗಿ ಓಡುತ್ತದೆ. 10ರ ಆಸುಪಾಸಿನಲ್ಲಿ ಮಾತ್ರ ತಡವರಿಸುತ್ತದೆ, ಇನ್ನೇನು ನಿಂತೇಬಿಟ್ಟಿತು ಅನ್ನುವಷ್ಟರಲ್ಲಿ ಮುನ್ನುಗ್ಗುತ್ತದೆ. ಆ ಆದೇಶ ಓದಿ ಮೋಟಾರನ್ನು ನಡೆಸುವ ಡಿಕೋಡರ್ ಬದಲಿಸಿದಿರಿ, ಅದರೊಳಗಿನ ಸಿವಿಗಳಲ್ಲಿ (ಸಂಖ್ಯೆಯಲ್ಲಿ ಕೊಡುವ ಹೊಂದಿಕೆಗಳು) ವೇಗಕ್ಕೆ ಸಂಬಂಧಿಸಿದ 2, 5, 6ನ್ನು ಹತ್ತಾರು ಸಲ ತಿದ್ದಿದಿರಿ, ಏನೂ ಆಗಲಿಲ್ಲ.

ಡಿಕೋಡರ್ ಬದಲಾದರೂ ರೋಗ ಹಾಗೇ ಉಳಿದಿದೆ ಎಂಬುದೇ ಇಲ್ಲಿ ದೊಡ್ಡ ಸುಳಿವು. ಹಾಗಾಗಿ ಥ್ರಾಟಲ್ (ವೇಗ ನಿಯಂತ್ರಕ) ಕೆಳಗಿಟ್ಟು ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಲೋಕೊವನ್ನು ಬೋಗಿಗಳಿಲ್ಲದೆ 10ನೇ ಹಂತದಲ್ಲಿ ಮೂರು ಸುತ್ತು ಓಡಿಸಿ, ಅದು ಎಡವಿದಲ್ಲೆಲ್ಲ ಹಳಿಯ ಪಕ್ಕದಲ್ಲಿ ಒಂದು ಗೀಟು ಎಳೆಯಿರಿ. ಓಡುವಾಗ ಮುಂದಿನ ದೀಪದ ಮೇಲೂ ಒಂದು ಕಣ್ಣಿರಲಿ.

ಮೂರು ಸುತ್ತಿನ ಗೀಟುಗಳೂ ಒಂದೇ ಕಡೆ ಗುಂಪಾಗಿ ಬಿದ್ದಿದ್ದರೆ ತಪ್ಪು ಲೋಕೊದ್ದಲ್ಲ, ಹಳಿಯದು. ಹಳಿಗಳನ್ನು ಜೋಡಿಸುವ ಲೋಹದ ಜಾಯಿನರ್‌ಗಳು ಹೊಸದರಲ್ಲಿ ವಿದ್ಯುತ್ತನ್ನು ಚೆನ್ನಾಗಿ ದಾಟಿಸುತ್ತವೆ, ಕ್ರಮೇಣ ಸಡಿಲವಾಗಿ ಕಪ್ಪಾಗುತ್ತವೆ. ಅವುಗಳನ್ನು ನಂಬದೆ ಪ್ರತಿ ಹಳಿ ತುಂಡಿಗೂ ಕೆಳಗಿನ ಮುಖ್ಯ ತಂತಿಯಿಂದ ಫೀಡರ್ (ಸಣ್ಣ ತಂತಿ) ಬೆಸುಗೆ ಹಾಕುವುದು ಒಳ್ಳೆಯದು. ಹಳಿಗೆ ವಿದ್ಯುತ್ ಕೊಡುವ ಬೂಸ್ಟರ್‌ನಿಂದ ಅತಿ ದೂರದಲ್ಲಿ ಎರಡು ಹಳಿಗಳಿಗೂ ತಾಗುವಂತೆ ಒಂದು ನಾಣ್ಯ ಇಟ್ಟು ನೋಡಿ. ಬೂಸ್ಟರ್ ತಕ್ಷಣ ಕಟ್ ಆಗಬೇಕು. ಆಗದಿದ್ದರೆ ದಾರಿಯಲ್ಲಿ ಎಲ್ಲೋ ರೋಧ ಹೆಚ್ಚಾಗಿದೆ, ನಾಣ್ಯವನ್ನು ಕೂಡಲೇ ತೆಗೆದು ತಂತಿಗಳ ಕಡೆ ಗಮನ ಕೊಡಿ.

ಗೀಟುಗಳು ಎಲ್ಲೆಂದರಲ್ಲಿ ಬಿದ್ದಿದ್ದು, ಎಡವಿದಾಗಲೆಲ್ಲ ದೀಪವೂ ಮಿಣುಕಿದರೆ, ಚಕ್ರ ಮತ್ತು ಹಳಿಯ ನಡುವಿನ ಸಂಪರ್ಕ ತಪ್ಪುತ್ತಿದೆ. ಇಲ್ಲಿ ಡಿಸಿಸಿಯ ಒಂದು ವಿಚಿತ್ರವಿದೆ. ಹಳಿಯ ವೋಲ್ಟೇಜನ್ನೇ ಏರಿಳಿಸಿ ಓಡಿಸುವ ಹಳೆಯ ಡಿಸಿ ಪದ್ಧತಿಯಲ್ಲಿ ಕ್ಷಣಮಾತ್ರ ವಿದ್ಯುತ್ ತಪ್ಪಿದರೆ ಲೋಕೊ ಅದೇ ಓಟದಲ್ಲಿ ದಾಟಿ ಹೋಗುತ್ತದೆ. ಡಿಸಿಸಿಯಲ್ಲಿ ಡಿಕೋಡರ್‌ನ ಮಿದುಳೇ ಒಮ್ಮೆ ಸತ್ತು ಮತ್ತೆ ಹುಟ್ಟಬಹುದು. ಸಿವಿ 3ರಲ್ಲಿ ನೀವು ದೊಡ್ಡ ಮೌಲ್ಯ ಕೊಟ್ಟಿದ್ದರೆ ಅದು ಶೂನ್ಯದಿಂದ ಮೆಲ್ಲಗೆ ವೇಗ ಏರಿಸಿಕೊಳ್ಳುತ್ತದೆ. ಚೂರು ಕೊಳೆಯ ಕಿತಾಪತಿ ನೋಡುವವರಿಗೆ ಮೋಟಾರಿನ ಆಯಾಸದಂತೆ ಕಾಣುತ್ತದೆ. ಶಬ್ದವಿರುವ ಡಿಕೋಡರ್ ಆಗಿದ್ದರೆ ಎಂಜಿನ್ ಸದ್ದು ಮತ್ತೆ ಮೊದಲಿನಿಂದ ಶುರುವಾಗಿ ಗುಟ್ಟು ರಟ್ಟಾಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನೆನೆಸಿದ ಬಟ್ಟೆಯಿಂದ ಹಳಿಯನ್ನೂ ಚಕ್ರಗಳನ್ನೂ ಒರೆಸಿ. ಚಕ್ರದ ಹಿಂಬದಿಗೆ ತಾಗುವ ತಾಮ್ರದ ಪಟ್ಟಿಗಳನ್ನು ಬಹಳ ಜನ ಮರೆಯುತ್ತಾರೆ, ಅವು ಬಾಗಿ ಚಕ್ರದಿಂದ ದೂರ ಸರಿದಿರಬಹುದು. ಮರಳುಕಾಗದ ಮಾತ್ರ ಬೇಡ, ಅದು ಬಿಡುವ ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ.

ಆದರೆ ನಿಮ್ಮ ವರ್ಣನೆ ಓದಿದರೆ ನನ್ನ ಅನುಮಾನ ಮೂರನೆಯದರ ಮೇಲೆ: ದೀಪ ಸ್ಥಿರ, ಗೀಟುಗಳು ಅಳೆದು ಇಟ್ಟಂತೆ ಸಮಾನ ಅಂತರದಲ್ಲಿ. ಚಕ್ರದ ವ್ಯಾಸ 12 ಮಿಲಿಮೀಟರ್ ಎಂದುಕೊಳ್ಳಿ, ಸುತ್ತಳತೆ ಸುಮಾರು 38 ಮಿಲಿಮೀಟರ್. ಗೀಟುಗಳ ನಡುವಿನ ಅಂತರವೂ ಅಷ್ಟೇ ಇದ್ದರೆ ಚಕ್ರ ಒಂದು ಸುತ್ತು ತಿರುಗುವಾಗ ಒಮ್ಮೆ ಏನೋ ಅಡ್ಡ ಬರುತ್ತಿದೆ. ವರ್ಮ್ (ಮೋಟಾರಿಗೆ ಜೋಡಿಸಿದ ತಿರುಪಿನಂಥ ಗಿಯರ್) ಅಥವಾ ಮೋಟಾರ್ ಚಕ್ರಕ್ಕಿಂತ ಹಲವು ಪಟ್ಟು ವೇಗವಾಗಿ ತಿರುಗುವುದರಿಂದ ಅವುಗಳ ದೋಷ ಇಷ್ಟು ಅಗಲವಾದ ಅಂತರದಲ್ಲಿ ಕಾಣದು, ಸಣ್ಣ ನಡುಕವಾಗಿ ಕಾಣುತ್ತದೆ.

ನನ್ನದೂ ಇದೇ ಕಥೆ. ಎರಡು ವಾರಾಂತ್ಯಗಳನ್ನು ಸಿವಿಗಳಿಗೆ ಬಲಿ ಕೊಟ್ಟ ಮೇಲೆ ಬೇಸತ್ತು ಟ್ರಕ್‌ನ (ಲೋಕೊದ ಚಕ್ರಗಳಿರುವ ಚೌಕಟ್ಟು) ಕೆಳಗಿನ ಮುಚ್ಚಳ ಬಿಚ್ಚಿದೆ. ಮೊದಲ ಅಚ್ಚಿಗೆ ಒಂದು ಕೂದಲು ಸುತ್ತಿಕೊಂಡಿತ್ತು. ಸಿಕ್ಕಿತು ಕಳ್ಳ ಎಂದು ಚಿಮಟದಿಂದ ಎಳೆದು ತೆಗೆದೆ, ಲೋಕೊ ಎಡವುವುದನ್ನು ಬಿಡಲಿಲ್ಲ. ಭೂತಗನ್ನಡಿ ಹಿಡಿದು ಅಚ್ಚುಗಳನ್ನು ಒಂದೊಂದಾಗಿ ಬೆರಳಿನಲ್ಲಿ ತಿರುಗಿಸಿದೆ. ಮೂರನೆಯ ಅಚ್ಚಿನ ಬಿಳಿ ಪ್ಲಾಸ್ಟಿಕ್ ಗಿಯರ್‌ನಲ್ಲಿ ಎರಡು ಹಲ್ಲುಗಳ ನಡುವೆ ಕೂದಲೆಳೆಯಷ್ಟು ಸೀಳು. ಬಿಗಿಯಾಗಿ ಕೂರಿಸಿದ ಅಚ್ಚು ಒಳಗಿಂದ ಒತ್ತಿ ಒತ್ತಿ ಪ್ಲಾಸ್ಟಿಕ್ ಬಿರುಕುಬಿಟ್ಟಿತ್ತು, ಆ ಒಂದು ಸಂದು ಉಳಿದವುಗಳಿಗಿಂತ ಅಗಲವಾಗಿತ್ತು. ಪಕ್ಕದ ಗಿಯರ್‌ನ ಹಲ್ಲು ಅಲ್ಲಿಗೆ ಬಂದಾಗಲೆಲ್ಲ ಟಕ್ ಎಂದು ಜಾರಿ ಬೀಳುತ್ತಿತ್ತು. ಅಂಟು ಹಚ್ಚಿ ನೋಡಿದೆ, ಅರ್ಧ ಗಂಟೆಯೂ ನಿಲ್ಲಲಿಲ್ಲ. ಗಿಯರ್ ಬದಲಿಸುವುದೇ ದಾರಿ.

60ರಲ್ಲಿ ಏಕೆ ಕಾಣುವುದಿಲ್ಲ ಎಂದರೆ, ವೇಗದಲ್ಲಿ ಫ್ಲೈವೀಲ್ (ಮೋಟಾರಿನ ಜೊತೆ ತಿರುಗುವ ಭಾರದ ಚಕ್ರ) ಮತ್ತು ಲೋಕೊದ ತೂಕದ ಓಟವೇ ಇಂತಹ ಎಡವುವಿಕೆಯನ್ನು ನುಂಗಿಹಾಕುತ್ತದೆ.

ಗಿಯರ್‌ಗಳೆಲ್ಲ ಸರಿಯಿದ್ದರೆ ಮಾತ್ರ ಡಿಕೋಡರ್ ಕಡೆಗೆ ಬನ್ನಿ. ಇಂದಿನ ಬಹುತೇಕ ಡಿಕೋಡರ್‌ಗಳಲ್ಲಿ ಬ್ಯಾಕ್ ಇಎಂಎಫ್ ಎಂಬ ಏರ್ಪಾಡು ಇದೆ. ಕ್ಷಣಕ್ಷಣಕ್ಕೂ ಮೋಟಾರಿಗೆ ವಿದ್ಯುತ್ ನಿಲ್ಲಿಸಿ, ತಿರುಗುತ್ತಿರುವ ಮೋಟಾರೇ ಹುಟ್ಟಿಸುವ ವೋಲ್ಟೇಜನ್ನು ಅಳೆದು, ನಿಜವಾದ ವೇಗವನ್ನು ಅಂದಾಜಿಸಿ ತಿದ್ದಿಕೊಳ್ಳುತ್ತದೆ. ಇದನ್ನು ಒಮ್ಮೆ ಆಫ್ ಮಾಡಿ ಓಡಿಸಿ. ಅದರ ಸಿವಿ ಸಂಖ್ಯೆ ತಯಾರಕರಿಂದ ತಯಾರಕರಿಗೆ ಬೇರೆ, ಕೈಪಿಡಿಯಲ್ಲಿರುತ್ತದೆ. ಆಫ್ ಮಾಡಿದಾಗ ಓಟ ನಯವಾದರೆ ತಿದ್ದುಪಡಿಯೇ ಅತಿಯಾಗಿದೆ, ಅದರ ತೀವ್ರತೆಯನ್ನು ಇಳಿಸಿ. ಎಡವುವುದು ಇನ್ನೂ ಹೆಚ್ಚಾದರೆ ಯಾಂತ್ರಿಕ ದೋಷ ಇದ್ದೇ ಇದೆ, ಡಿಕೋಡರ್ ಇಷ್ಟು ದಿನ ಅದನ್ನು ಮುಚ್ಚಿಡುತ್ತಿತ್ತು ಅಷ್ಟೇ. ಮೋಟಾರಿನ ಎರಡು ತುದಿಗಳಿಗೆ ಅಡ್ಡಲಾಗಿ ಸಣ್ಣ ಕೆಪಾಸಿಟರ್ ಉಳಿದಿದೆಯೇ ಎಂದೂ ನೋಡಿ. ಡಿಸಿ ಕಾಲದ ಲೋಕೊಗಳಲ್ಲಿ ರೇಡಿಯೊ ಗದ್ದಲ ತಡೆಯಲು ಅದನ್ನು ಹಾಕುತ್ತಿದ್ದರು, ಅದು ಈ ಅಳತೆಯನ್ನೇ ಕೆಡಿಸಬಲ್ಲದು.

ಸಿವಿ 2, 5, 6 ತಿದ್ದಿದರೂ ಏನೂ ಬದಲಾಗಲಿಲ್ಲ ಎಂದಿದ್ದೀರಲ್ಲ, ಅದಕ್ಕೆ ಬೇರೆಯೇ ಕಾರಣವಿರಬಹುದು. ಹಲವು ಆಯ್ಕೆಗಳ ಸಂಖ್ಯೆಗಳನ್ನು ಕೂಡಿ ಬರೆಯುವ ಸಿವಿ 29ರ ಮೌಲ್ಯದಲ್ಲಿ 16 ಸೇರಿದ್ದರೆ, ಅಂದರೆ 6 ಇರಬೇಕಾದಲ್ಲಿ 22 ಇದ್ದರೆ, ಸಾಮಾನ್ಯವಾಗಿ ಡಿಕೋಡರ್ ಸಿವಿ 67ರಿಂದ 94ರವರೆಗಿನ ವೇಗದ ಪಟ್ಟಿಯನ್ನು ಅನುಸರಿಸುತ್ತದೆ, ಆ ಮೂರನ್ನು ಕಡೆಗಣಿಸುತ್ತದೆ. ಇದು ನಿಮ್ಮ ಎಡವುವಿಕೆಗೆ ಕಾರಣವಲ್ಲ, ನಿಮ್ಮ ತಿದ್ದುಪಡಿ ವ್ಯರ್ಥವಾದುದಕ್ಕೆ ಕಾರಣ.

ಮೊದಲು ಗೀಟು ಎಳೆಯಿರಿ. ಗೀಟುಗಳ ಅಂತರ ಮತ್ತು ನಿಮ್ಮ ಲೋಕೊದ ಚಕ್ರದ ವ್ಯಾಸ, ಎರಡನ್ನೂ ಇಲ್ಲಿ ಬರೆದು ತಿಳಿಸಿದರೆ ಯಾವ ಭಾಗ ಬಿಚ್ಚಬೇಕೆಂದು ಹೇಳುತ್ತೇನೆ.