ಒಪ್ಪ್ ಎಂದರೆ ಸಹಿ

ನೀವು ಕೇಳಿದ್ದು ಎರಡು ಪ್ರಶ್ನೆ. ಕಾಸರಗೋಡಿನ ಕನ್ನಡದವರಿಗೆ ಗೃಹಲಕ್ಷ್ಮಿ ಬರುತ್ತದಾ ಎಂಬುದು ಒಂದು. ಪಿಂಚಣಿಯ ಅರ್ಜಿ ಮಲಯಾಳದಲ್ಲಿದ್ದರೆ ‘ಕನ್ನಡದ್ದು ಕೊಡಿ’ ಎಂದು ನೀವೆಲ್ಲ ಯಾಕೆ ಕೇಳುವುದಿಲ್ಲ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಒಂದೇ ಮಾತು: ಬರುವುದಿಲ್ಲ. ಅದು ಕರ್ನಾಟಕದ ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದು ಹೆಸರಿದ್ದವರಿಗೆ. ನಮ್ಮ ಕಾರ್ಡು ಕೇರಳದ್ದು. ಗಡಿಯ ತಲಪಾಡಿಯಿಂದ ಆಚೆ ಮದುವೆಯಾಗಿ ಹೋದ ನನ್ನ ತಂಗಿಗೆ ತಿಂಗಳಿಗೆ 2000 ಉಂಟು, ಈಚೆ ಇರುವ ನನ್ನ ಹೆಂಡತಿಗೆ ಇಲ್ಲ. ಇಬ್ಬರೂ ಫೋನಿನಲ್ಲಿ ಆ ವಿಷಯ ಎತ್ತಿದರೆ ನಾನು ಮೆಲ್ಲ ಅಂಗಳಕ್ಕೆ ಇಳಿಯುತ್ತೇನೆ.

ಎರಡನೆಯದಕ್ಕೆ ಸ್ವಲ್ಪ ಕೂತು ಹೇಳಬೇಕು ಮಾರಾಯ್ರೆ.

ನಮಗಿರುವುದು ಕೇರಳದ ಕ್ಷೇಮ ಪಿಂಚಣಿ. ವಯಸ್ಸಾದವರಿಗೆ, ವಿಧವೆಯರಿಗೆ, ಅಂಗವಿಕಲರಿಗೆ, ಕೃಷಿ ಕಾರ್ಮಿಕರಿಗೆ, 50 ದಾಟಿಯೂ ಮದುವೆಯಾಗದ ಹೆಂಗಸರಿಗೆ. 2021ರಿಂದ ತಿಂಗಳಿಗೆ 1600 ಇತ್ತು, 2025ರ ನವೆಂಬರಿನಲ್ಲಿ 2000 ಆಯಿತು. ಕುಟುಂಬದ ವರ್ಷದ ಆದಾಯ 1 ಲಕ್ಷ ದಾಟಬಾರದು, ಅದಕ್ಕೆ ವಿಲ್ಲೇಜ್ ಆಫೀಸರರ ಸರ್ಟಿಫಿಕೇಟು ಬೇಕು. ನಿಮ್ಮಲ್ಲಿಯ ಹಾಗೆ ನಾಡಕಚೇರಿ ಇಲ್ಲಿಲ್ಲ. ಹೆಚ್ಚಿನ ಕಾಗದವೆಲ್ಲ ಪೇಟೆಯ ಅಕ್ಷಯ ಕೇಂದ್ರ ಎಂಬ ಕಂಪ್ಯೂಟರ್ ಅಂಗಡಿಯ ಮೂಲಕ ನಡೆಯುವುದು. ಅರ್ಜಿ ಕೊನೆಗೆ ಹೋಗಿ ಸೇರುವುದು ಪಂಚಾಯತಿಗೆ. ಅಲ್ಲಿ ಅದನ್ನು ಏರಿಸುವ ಸಾಫ್ಟ್‌ವೇರಿನ ಹೆಸರು ‘ಸೇವನ’. ಮಲಯಾಳದವರಿಗೆ ಅದು ಸೇವೆ. ನನಗೆ ಮಾತ್ರ ಮದ್ಯ ಸೇವನೆಯ ಬೋರ್ಡೇ ನೆನಪಾಗುವುದು.

ಮೂರು ವರ್ಷದ ಹಿಂದೆ ನನ್ನ ಚಿಕ್ಕಮ್ಮನ ವಿಧವಾ ಪಿಂಚಣಿಗೆ ಅರ್ಜಿ ಹಾಕಿದೆವು. ಚಿಕ್ಕಮ್ಮ ವಿಟ್ಲದ ಕಡೆಯವರು, ಏಳನೆಯವರೆಗೆ ಕನ್ನಡ ಶಾಲೆ. ಮನೆಯಲ್ಲಿ ತುಳು, ದೇವಸ್ಥಾನದಲ್ಲಿ ಕನ್ನಡ, ಮೀನಿನವನ ಹತ್ತಿರ ಚೌಕಾಸಿಗೆ ಬೇಕಾದಷ್ಟು ಮಲಯಾಳ. ಮಲಯಾಳ ಓದಲಿಕ್ಕೆ ಬರುವುದಿಲ್ಲ. ಅಕ್ಷಯದ ಹುಡುಗಿ ಫಾರಂ ತುಂಬಿಸಿ ಮುಂದಿಟ್ಟಳು. ತಲೆಬರಹದಲ್ಲಿ ದೊಡ್ಡ ಅಕ್ಷರ: ‘ಅಪೇಕ್ಷ’. ಅರ್ಜಿ ಎಂದು ಅರ್ಥ. ನಾನು ಓದಿ ಹೇಳಿದ್ದೇ ಚಿಕ್ಕಮ್ಮನ ಮುಖ ಸಣ್ಣದಾಯಿತು. “ನನಗೆ ಅಪೇಕ್ಷೆ ಉಂಟೂಂತ ಬರ್ದು ಕೊಡ್ಬೇಕಾ?”

ಹುಡುಗಿ ಕೆಳಗಿನ ಗೆರೆಗೆ ಬೆರಳಿಟ್ಟು, “ಇವಿಡೆ ಒಪ್ಪ್” ಎಂದಳು. ಮಲಯಾಳದಲ್ಲಿ ಒಪ್ಪ್ ಎಂದರೆ ಸಹಿ, ಅಷ್ಟೇ. ಮೀನಿನವನು ಸಹಿ ಕೇಳುವುದಿಲ್ಲವಲ್ಲ, ಚಿಕ್ಕಮ್ಮನಿಗೆ ಆ ಪದ ಎಲ್ಲಿ ಸಿಗಬೇಕು? ಅವರ ಕಿವಿಗೆ ಬಿದ್ದದ್ದು ಕನ್ನಡದ ಒಪ್ಪು. ಪೆನ್ನು ಕೆಳಗಿಟ್ಟರು. “ಎಂತ ಬರ್ದಿದ್ದಾರೆ ಹೇಳು ಮೊದ್ಲು. ಗೊತ್ತಿಲ್ಲದೆ ಒಪ್ಪುದು ಹೇಗೆ?”

ಹಿಂದೆ ಏಳೆಂಟು ಜನ ಟೋಕನ್ ಹಿಡಿದು ನಿಂತಿದ್ದರು. ನಾನು ಒಂದೊಂದೇ ಸಾಲು ಕನ್ನಡ ಮಾಡಿ ಹೇಳಿದೆ. ಬೇರೆ ಪಿಂಚಣಿ ಇಲ್ಲ, ಸರಿ. ಮತ್ತೆ ಮದುವೆ ಆಗಿಲ್ಲ, ಅದಕ್ಕೆ ಅವರು ತಲೆಯನ್ನೂ ಆಡಿಸಲಿಲ್ಲ. ಆದಾಯದ ಅಂಕಿಗೆ ಬಂದಾಗ ನಿಲ್ಲಿಸಿದರು. “ಅಡಿಕೆ ಸುಲಿದದ್ದು ಸೇರಿಸಿದ್ದಾರಾ?” ಚಾಲಿ, ಅಂದರೆ ಒಣಗಿದ ಅಡಿಕೆ, ಸುಲಿಯುವ ಕಾಲದಲ್ಲಿ ನಾಲ್ಕು ಮನೆಗೆ ಹೋಗುತ್ತಾರೆ, ಕಿಲೋ ಲೆಕ್ಕದಲ್ಲಿ ಕೂಲಿ. ಅದನ್ನು ಕೂಡಿಸಿದರೂ ಲಕ್ಷದ ಹತ್ತಿರಕ್ಕೂ ಬರುವುದಿಲ್ಲ ಎಂದು ಬೆರಳು ಮಡಚಿ ಲೆಕ್ಕ ತೋರಿಸಿದ ಮೇಲೆಯೇ ಪೆನ್ನು ಎತ್ತಿದ್ದು. ಸಹಿ ಕನ್ನಡದಲ್ಲಿ, ಉರುಟು ಉರುಟಾಗಿ, ಪ್ರತಿ ಒತ್ತಕ್ಷರಕ್ಕೂ ಉಸಿರು ಬಿಗಿಹಿಡಿದು. ಗೆರೆ ಸಾಲದೆ ಕೊನೆಯ ಅಕ್ಷರ ತಾರೀಕಿನ ಜಾಗಕ್ಕೆ ಹೋಯಿತು.

ಮಲಯಾಳದ ಕಾಗದಕ್ಕೆ ಕನ್ನಡದ ಸಹಿ ನಡೆಯುತ್ತದಾ ಎಂದು ನೀವು ಕೇಳಬಹುದು. ನಡೆಯುತ್ತದೆ. ಯಾರೂ ಬೇಡ ಎನ್ನಲಿಲ್ಲ. ಪೆಟ್ಟು ಬಿದ್ದದ್ದು ಬೇರೆ ಕಡೆ. ಚಿಕ್ಕಮ್ಮನ ಹೆಸರಿನಲ್ಲಿ ಒಂದು ಶಕಾರ ಉಂಟು. ಶಾಲೆಯ ಸರ್ಟಿಫಿಕೇಟಿನಲ್ಲಿ ಅದನ್ನು ಇಂಗ್ಲಿಷಿನಲ್ಲಿ ಎಸ್ ಎಚ್ ಎಂದು ಬರೆದಿದ್ದಾರೆ, ಕೇರಳದಲ್ಲಿ ಮಾಡಿಸಿದ ಕಾರ್ಡಿನಲ್ಲಿ ಬರೀ ಎಸ್. ಇಲ್ಲಿನವರ ರೂಢಿ ಅದು. ಆ ಒಂದು ಎಚ್‌ಗಾಗಿ ಎರಡು ಸಲ ಪೇಟೆಗೆ ಹೋಗಿ ಬಂದೆವು, ಎರಡು ದಿನದ ಅಡಿಕೆ ಕೂಲಿ ಹೋಯಿತು.

ಈಗ ನಿಮ್ಮ ಪ್ರಶ್ನೆ. ಕನ್ನಡದ ಫಾರಂ ಕೇಳಬಹುದು, ಕೇಳುವ ಹಕ್ಕು ಉಂಟು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರಕ್ಕೆ ಬರೆಯಬಹುದು, ಉತ್ತರವೂ ಆ ಭಾಷೆಯಲ್ಲೇ ಬರಬೇಕು ಎಂದಿದೆ. ಮಲಯಾಳ, ಕನ್ನಡ ಎರಡೂ ಬಲ್ಲ ಗುಮಾಸ್ತರೆಂದೇ ಕಾಸರಗೋಡಿಗೆ ಪಿಎಸ್‌ಸಿ ಪ್ರತ್ಯೇಕ ನೇಮಕ ಮಾಡುತ್ತದೆ. ಹೊರಗಿನವರು ಈ ಕಾಯ್ದೆ ಓದಿ ನಮ್ಮನ್ನು ಹೇಡಿಗಳು ಎಂದುಕೊಳ್ಳುತ್ತಾರೆ.

ನಾನು ಒಮ್ಮೆ ಒಂದು ಕಚೇರಿಯಲ್ಲಿ ಕೇಳಿದ್ದೇನೆ. ಅಲ್ಲಿದ್ದವರು ಒಳ್ಳೆಯವರೇ, ಗದರಲಿಲ್ಲ. ಕಪಾಟು ತೆರೆದು ಹುಡುಕಿ, ನಕಲಿನ ನಕಲಾಗಿ ಅಕ್ಷರ ಮಾಸಿದ ಒಂದು ಹಾಳೆ ತಂದುಕೊಟ್ಟರು. ತುಂಬಿಸಿ ಕೊಟ್ಟೆ. ಅದನ್ನು ಓದಬಲ್ಲ ಗುಮಾಸ್ತೆ ರಜೆಯಲ್ಲಿದ್ದರು. ಅವರು ಬಂದ ಮೇಲೆ ನೋಡುತ್ತೇವೆ ಎಂದರು. ಅವರು ಬಂದರು, ವರ್ಗವಾಗಿ ಹೋದರು, ನನ್ನ ಹಾಳೆ ಫೈಲಿನಲ್ಲೇ ಉಳಿಯಿತು. ನನ್ನದು ದಾರಿದೀಪದ ದೂರು. ತಡವಾದರೆ ಕತ್ತಲೆಯಲ್ಲಿ ಟಾರ್ಚು ಹಿಡಿದು ನಡೆದರಾಯಿತು. ಚಿಕ್ಕಮ್ಮನ ಅರ್ಜಿ ಹಾಗೆ ಕೂತರೆ ಪ್ರತಿ ತಿಂಗಳೂ ಹೋಗುವುದು ಅವರ ಹಣ. ಹಾಗಾಗಿ ನನ್ನದೊಂದು ನಿಯಮ ಉಂಟು, ಹೆಮ್ಮೆಯಿಂದ ಹೇಳುವಂಥದ್ದಲ್ಲ: ದೂರಿಗೆ, ಮನವಿಗೆ, ಗ್ರಾಮಸಭೆಗೆ ಕನ್ನಡ, ಹೊಟ್ಟೆಯ ಕಾಗದಕ್ಕೆ ಬೇಗ ಆಗುವ ಭಾಷೆ. ನಮ್ಮ ಅಪ್ಪ ಇದನ್ನು ಒಪ್ಪುತ್ತಿರಲಿಲ್ಲ. 1956ರಲ್ಲಿ ಗಡಿ ಗೆರೆ ಬಿದ್ದಾಗ ಹೈಸ್ಕೂಲಿನಲ್ಲಿದ್ದವರು ಅವರು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದನ್ನು ನಿನ್ನೆ ಮೊನ್ನೆಯ ಮಾತಿನಂತೆ ಹೇಳುತ್ತಿದ್ದರು. ಕನ್ನಡ ಇಲ್ಲದ ಕಾಗದ ಬಂದರೆ ಮುಟ್ಟದೆ ವಾಪಸ್ ಕಳಿಸುತ್ತಿದ್ದರು. ಅವರಿಗೆ ತೋಟ ಇತ್ತು, ಪಿಂಚಣಿ ಬೇಕಿರಲಿಲ್ಲ.

ಪಿಂಚಣಿ ಮಂಜೂರಾದ ಮೇಲೂ ಸಹಿ ಮುಗಿಯುವುದಿಲ್ಲ. 60 ತುಂಬದ ವಿಧವೆಯರು ‘ಮರುಮದುವೆ ಆಗಿಲ್ಲ’ ಎಂಬ ಸರ್ಟಿಫಿಕೇಟನ್ನು ವರ್ಷವರ್ಷವೂ ಕೊಡಬೇಕು. ಎರಡನೇ ವರ್ಷ ಚಿಕ್ಕಮ್ಮ ಕೇಳಿದರು: “ಕಳೆದ ವರ್ಷ ಇಲ್ಲ ಅಂದದ್ದು ಅವ್ರಿಗೆ ಸಾಕಾಗ್ಲಿಲ್ವಾ?” ಹಣ ಬರುವುದರಲ್ಲಿ ಮಾತ್ರ ಈ ಶಿಸ್ತು ಇಲ್ಲ. ಐದಾರು ತಿಂಗಳು ಬಾಕಿಯಾದ ಕಾಲವೂ ಉಂಟು. ಓಣಂ, ಬಿಸು ಹತ್ತಿರ ಬಂದರೆ ಒಟ್ಟಿಗೆ ಎರಡು ತಿಂಗಳದ್ದು ಬರುತ್ತದೆ. ಕೆಲವರಿಗೆ ಬ್ಯಾಂಕಿಗೆ, ಚಿಕ್ಕಮ್ಮನಂಥವರಿಗೆ ಸಹಕಾರಿ ಬ್ಯಾಂಕಿನವರೇ ಮನೆಗೆ ತಂದು ಕೊಡುತ್ತಾರೆ. ಅಂಗಳಕ್ಕೆ ಬಂದು ಎಣಿಸಿ ಕೊಡುವ ಈ ಏರ್ಪಾಡು ನನಗೆ ಬಹಳ ಇಷ್ಟ. ಕರ್ನಾಟಕದವರು ಇದೊಂದನ್ನು ಕಲಿಯಬಹುದು.

ಇದರ ಮೇಲೆ ಮಸ್ಟರಿಂಗ್. ಬದುಕಿದ್ದೇವೆ ಎಂದು ಅಕ್ಷಯದಲ್ಲಿ ಬೆರಳೊತ್ತಿ ತೋರಿಸುವುದು. ಹೋದವರಿಗೆ 30 ರೂಪಾಯಿ, ಏಳಲಾರದವರ ಮನೆಗೆ ಅವರೇ ಬಂದರೆ 50. ಕಳೆದ ಸಲ ಚಿಕ್ಕಮ್ಮನ ಬೆರಳು ಯಂತ್ರಕ್ಕೆ ಹಿಡಿಯಲಿಲ್ಲ. ಅಡಿಕೆ ಸುಲಿದು ಸುಲಿದು ತುದಿಯ ಗೆರೆಗಳೆಲ್ಲ ಸವೆದು ನುಣ್ಣಗಾಗಿವೆ. ಸೋಪು ಹಾಕಿ ತೊಳೆದರು, ಸೆರಗಿನಲ್ಲಿ ಒರೆಸಿದರು, ಹತ್ತೂ ಬೆರಳು ಇಟ್ಟು ನೋಡಿ ಆಯಿತು, ಹಿಡಿಯಲಿಲ್ಲ. ಹಾಗೆ ಬೆರಳು ಹಿಡಿಯದವರು ಪಂಚಾಯತಿಗೆ ಜೀವಂತ ಇರುವ ಸರ್ಟಿಫಿಕೇಟು ಕೊಡಬೇಕು. ಮತ್ತೊಂದು ಮಲಯಾಳದ ಹಾಳೆ. ನಾನು ಓದಿ ಹೇಳಲು ಕನ್ನಡಕ ತೆಗೆಯುವಷ್ಟರಲ್ಲಿ ಚಿಕ್ಕಮ್ಮ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು, ಕೆಳಗಿನ ಗೆರೆ ಸಾಕಷ್ಟು ಉದ್ದ ಉಂಟಾ ಎಂದು ಗೇಣು ಹಾಕಿ ನೋಡುತ್ತಿದ್ದರು.